ಸಂವರವಿಲ್ಲದ ನಿರ್ಜರೆ: ತ್ಯಾಜ್ಯದಿಂದ ಇಂಧನ ಪಡೆಯುವುದರ ನೈತಿಕತೆ

ಕೈಗಾರಿಕೆ ಹೊರಹಾಕುವ ವಿಷವನ್ನು ಬಿಸಿಲಿನ ಬಲದಿಂದ ಇಂಧನವಾಗಿ ಮಾರ್ಪಡಿಸಿದರೆ, ಆ ವಿಷವನ್ನು ಹುಟ್ಟಿಸಿದವರ ಹೊಣೆ ಅಲ್ಲಿಗೆ ತೀರುತ್ತದೆಯೇ ಎಂಬುದು ರಸಾಯನಶಾಸ್ತ್ರವೊಂದೇ ಉತ್ತರಿಸಬಲ್ಲ ಪ್ರಶ್ನೆಯಲ್ಲ. ಶುದ್ಧಿಯಾಗಬೇಕಾದದ್ದು ವಸ್ತುವೋ ಕರ್ತೃವೋ ಎಂಬ ಹಳೆಯ ಜಿಜ್ಞಾಸೆಯೇ ಇಲ್ಲಿ ಮತ್ತೆ ಎದುರಾಗುತ್ತದೆ. ಕರ್ಮವನ್ನು ಜೀವಕ್ಕೆ ಅಂಟಿಕೊಳ್ಳುವ ಪುದ್ಗಲವೆಂದು, ಅಂದರೆ ಸೂಕ್ಷ್ಮ ದ್ರವ್ಯವೆಂದೇ ಎಣಿಸುವ ಜೈನ ದರ್ಶನದಲ್ಲಿ ಇದನ್ನು ವಿಚಾರಿಸಲು ತಕ್ಕ ಪರಿಕಲ್ಪನೆಗಳಿವೆ.

ತೈಲ ಸಂಸ್ಕರಣಾಗಾರಗಳು ಹೈಡ್ರೋಜನ್ ಹಾಯಿಸಿ ಇಂಧನದಿಂದ ಬೇರ್ಪಡಿಸುವ ಗಂಧಕ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಾಗಿ ಹೊರಬರುತ್ತದೆ. ಕೊಳೆತ ಮೊಟ್ಟೆಯ ನಾತದ ಈ ಅನಿಲ ಗಾಳಿಯಲ್ಲಿ ಸುಮಾರು 100 ಪಿಪಿಎಂ, ಎಂದರೆ ಹತ್ತು ಲಕ್ಷ ಪಾಲಿಗೆ ನೂರು ಪಾಲು, ದಾಟಿದ ಮೇಲೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುವುದರಿಂದ, ನಾತ ನಿಂತಂತೆ ತೋರುವುದೇ ಅಪಾಯ ಹೆಚ್ಚಿದುದರ ಸೂಚನೆಯಾಗಬಹುದು. 2020ರ ಏಪ್ರಿಲ್‌ನಲ್ಲಿ ಭಾರತದಾದ್ಯಂತ ಜಾರಿಯಾದ ಬಿಎಸ್-6 ಮಾನದಂಡವು ವಾಹನ ಇಂಧನದ ಗಂಧಕವನ್ನು 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಸಿತು. ಆದರೆ ಹಾಗೆ ಕಳೆದ ಗಂಧಕ ಇಲ್ಲವಾಗಲಿಲ್ಲ, ರಸ್ತೆಯ ಹೊಗೆಯಿಂದ ಸಂಸ್ಕರಣಾಗಾರದ ಕೊಳವೆಗೆ ಸ್ಥಳ ಬದಲಿಸಿತು. ಕಾರ್ಲ್ ಫ್ರೆಡ್ರಿಕ್ ಕ್ಲಾಸ್ 1883ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದುಬಂದ ಇಂದಿನ ಘಟಕಗಳು ಈ ಅನಿಲದ ಒಂದು ಭಾಗವನ್ನು ಸುಟ್ಟು ಗಂಧಕವನ್ನು ಉಳಿಸಿಕೊಳ್ಳುತ್ತವೆಯಾದರೂ, ಅದರೊಳಗಿನ ಹೈಡ್ರೋಜನ್ ನೀರಾಗಿ ಕೈಬಿಟ್ಟುಹೋಗುತ್ತದೆ.

ಆ ಹೈಡ್ರೋಜನ್ನನ್ನು ಉಳಿಸಿಕೊಳ್ಳಲು ಬಿಸಿಲು ನೆರವಾಗಬಲ್ಲುದು. ಅನಿಲವನ್ನು ಪ್ರತ್ಯಾಮ್ಲೀಯ ದ್ರಾವಣದಲ್ಲಿ ಕರಗಿಸಿ, ಕ್ಯಾಡ್ಮಿಯಂ ಸಲ್ಫೈಡ್ ಎಂಬ ಹಳದಿ ಅರೆವಾಹಕದ ಪುಡಿಯನ್ನು ಬೆರೆಸಿ ಬೆಳಕಿಗೆ ಒಡ್ಡಿದಾಗ, ಪುಡಿಯ ಕಣದಲ್ಲಿ ಮೇಲಿನ ಶಕ್ತಿಮಟ್ಟಕ್ಕೇರಿದ ಎಲೆಕ್ಟ್ರಾನು ಹೈಡ್ರೋಜನ್ನನ್ನು ಗುಳ್ಳೆಗಳಾಗಿ ಬಿಡಿಸುತ್ತದೆ. ಅದು ತೆರವು ಮಾಡಿದ ಸ್ಥಾನವನ್ನು ಸಲ್ಫೈಡ್ ತನ್ನ ಎಲೆಕ್ಟ್ರಾನು ಕೊಟ್ಟು ತುಂಬುತ್ತದೆ. ಒಂದು ಮೋಲ್ ನೀರನ್ನು ಒಡೆಯಲು ಕನಿಷ್ಠ 237 ಕಿಲೋಜೂಲ್ ಶಕ್ತಿ ಬೇಕಾದರೆ ಈ ಅನಿಲಕ್ಕೆ ಸುಮಾರು 33 ಸಾಕು. ಆದರೆ ಎಲೆಕ್ಟ್ರಾನು ಕಳೆದುಕೊಂಡ ಗಂಧಕ ಪಾಲಿಸಲ್ಫೈಡಾಗಿ ದ್ರಾವಣವನ್ನೇ ಹಳದಿಗಟ್ಟಿಸಿ ಬೆಳಕಿಗೆ ಅಡ್ಡನಿಲ್ಲುತ್ತದೆ. ಅದನ್ನು ತಿಳಿಯಾಗಿಸಲು ಸಲ್ಫೈಟ್ ಬೆರೆಸಿದರೆ ಥಯೋಸಲ್ಫೇಟ್ ಎಂಬ ಬೇರೊಂದು ಶೇಷ ಉಳಿಯುತ್ತದೆ. ಸಲ್ಫೈಡ್ ತೀರಿಹೋದರೆ ಕ್ರಿಯಾವರ್ಧಕವಾದ ಆ ಪುಡಿ ತಾನೇ ಸವೆದು ವಿಷಕಾರಿ ಕ್ಯಾಡ್ಮಿಯಂ ನೀರಿಗಿಳಿಯುತ್ತದೆ. ವಸ್ತುವಿನ ಮಟ್ಟದಲ್ಲಿಯೂ ಶುದ್ಧಿಯೆಂಬುದು ಪೂರ್ಣವಲ್ಲ.

ಜೈನ ತತ್ತ್ವಗಳ ಪೈಕಿ ಆಸ್ರವವೆಂದರೆ ಕರ್ಮದ ಒಳಹರಿವು, ಬಂಧವೆಂದರೆ ಅದು ಅಂಟಿಕೊಳ್ಳುವುದು, ಸಂವರವೆಂದರೆ ಒಳಹರಿವನ್ನು ತಡೆಯುವುದು, ನಿರ್ಜರೆಯೆಂದರೆ ಕೂಡಿದ್ದನ್ನು ಉದುರಿಸುವುದು. ಉತ್ತರಾಧ್ಯಯನ ಸೂತ್ರದಲ್ಲಿ ಇದಕ್ಕೊಂದು ದೃಷ್ಟಾಂತವಿದೆ: ನೀರು ಬರುವ ದಾರಿಗಳನ್ನು ಕಟ್ಟಿದ ಮೇಲಷ್ಟೇ, ಇರುವ ನೀರನ್ನು ಎತ್ತಿಹಾಕುವುದರಿಂದಲೂ ಬಿಸಿಲ ಕಾವಿನಿಂದಲೂ ದೊಡ್ಡ ಕೆರೆಯೊಂದು ಬತ್ತುತ್ತದೆ. ಈ ಮಾತನ್ನು ಸಂಸ್ಕರಣಾಗಾರಕ್ಕೆ ಅನ್ವಯಿಸಿದರೆ, ಬಿಸಿಲಿನ ಘಟಕ ಎಷ್ಟೇ ಸಮರ್ಥವಾಗಿದ್ದರೂ ಅದು ನಿರ್ಜರೆಯ ಕೆಲಸವನ್ನಷ್ಟೇ ಮಾಡುತ್ತದೆ, ಕಾಲುವೆ ತೆರೆದೇ ಇರುತ್ತದೆ.

ಇನ್ನೂ ತೊಡಕಿನ ಸಂಗತಿ ಉದ್ದೇಶಕ್ಕೆ ಸೇರಿದುದು. ಫಲದ ಆಸೆಯಿಂದ ತಪಸ್ಸನ್ನು ವಿನಿಯೋಗಿಸುವುದನ್ನು ಜೈನಶಾಸ್ತ್ರ ನಿದಾನವೆಂದು ಕರೆದು, ವ್ರತಿಯ ಒಳಗೆ ನೆಟ್ಟುಕೊಂಡ ಶಲ್ಯಗಳಲ್ಲಿ, ಅಂದರೆ ಮುಳ್ಳುಗಳಲ್ಲಿ ಒಂದಾಗಿ ಎಣಿಸುತ್ತದೆ. ತ್ಯಾಜ್ಯಕ್ಕೆ ಬೆಲೆ ಬಂದೊಡನೆ ಅದನ್ನು ಕಡಿಮೆ ಮಾಡುವ ಆಸಕ್ತಿ ಕುಗ್ಗಬಹುದು, ಶುದ್ಧೀಕರಣವೇ ಹೊಸ ಆಸ್ರವಕ್ಕೆ ಕಾರಣವಾಗಬಹುದು. ಕಾರ್ಖಾನೆ ಜೀವವಲ್ಲವಾದ್ದರಿಂದ ಈ ತತ್ತ್ವಗಳು ಅದಕ್ಕೆ ಸಲ್ಲವು ಎಂಬ ಆಕ್ಷೇಪ ಸಹಜವೇ. ಆದರೆ ಲೋಭ ಕಾರ್ಖಾನೆಯದಲ್ಲ, ಅದನ್ನು ನಡೆಸುವ ಮನುಷ್ಯರದು, ಮತ್ತು ಬಂಧಕ್ಕೆ ಕಾರಣವಾಗುವ ಕಷಾಯಗಳಲ್ಲಿ, ಅಂದರೆ ಮನೋವಿಕಾರಗಳಲ್ಲಿ ಲೋಭವೂ ಒಂದು.

ಹಾಗೆಂದು ಸಂವರ ಸಿದ್ಧಿಸುವವರೆಗೆ ನಿರ್ಜರೆ ಕಾಯಲಿ ಎನ್ನುವುದು, ಅದೇ ಗಾಳಿಯನ್ನು ಉಸಿರಾಡುವ ಕಾರ್ಮಿಕರಿಗೂ ನೆರೆಯವರಿಗೂ ಎಸಗುವ ಹಿಂಸೆಯಾಗುತ್ತದೆ. ತಪಸ್ಸಿನಿಂದ ನಿರ್ಜರೆಯೂ ಸಂವರವೂ ಆಗುತ್ತವೆಂಬ ತತ್ತ್ವಾರ್ಥಸೂತ್ರದ ನಿಲುವು ಇಲ್ಲಿ ದಾರಿ ತೋರುತ್ತದೆ: ಒಂದೇ ಕ್ರಿಯೆ ಎರಡನ್ನೂ ಸಾಧಿಸಬಹುದು. ಗಂಧಕ ತೆಗೆಯಲು ಬೇಕಾದ ಹೈಡ್ರೋಜನ್ನನ್ನು ಸಂಸ್ಕರಣಾಗಾರಗಳು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ, ಇಂಗಾಲದ ಡೈಆಕ್ಸೈಡನ್ನು ಹೊರಸೂಸುತ್ತ ತಯಾರಿಸುತ್ತವೆ. ಬಿಸಿಲು ಬಿಡಿಸಿಕೊಟ್ಟ ಹೈಡ್ರೋಜನ್ ಅದೇ ಕೆಲಸಕ್ಕೆ ಮರಳಿ ಅಷ್ಟರಮಟ್ಟಿಗೆ ನೈಸರ್ಗಿಕ ಅನಿಲದ ಬಳಕೆ ತಗ್ಗಿದರೆ ಒಂದು ಕಾಲುವೆಯಾದರೂ ಕಿರಿದಾಗುತ್ತದೆ, ಹೆಚ್ಚುವರಿ ಸರಕಾಗಿ ಮಾರಾಟವಾದರೆ ಯಾವುದೂ ಕಿರಿದಾಗುವುದಿಲ್ಲ. ಆದ್ದರಿಂದ ಇಂಥ ಘಟಕದ ನೈತಿಕ ಬೆಲೆಯನ್ನು ಅದು ಉತ್ಪಾದಿಸಿದ ಇಂಧನದ ಪ್ರಮಾಣದಿಂದ ಅಳೆಯಲಾಗದು. ಅದನ್ನು ಕಟ್ಟಿದವರು ತ್ಯಾಜ್ಯ ಕಡಿಮೆಯಾಗಿ ಘಟಕ ಬಡವಾಗುವುದನ್ನು ನಷ್ಟವೆಂದು ಎಣಿಸುತ್ತಾರೋ ಗುರಿಯೆಂದು ಎಣಿಸುತ್ತಾರೋ ಎಂಬುದರಿಂದಲೇ ಅಳೆಯಬೇಕಾಗುತ್ತದೆ.