ಬನ್ನಿಯ ಮರ ಕಾಯ್ದ ನಂಬಿಕೆ

ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಕೈಗಿತ್ತು, ಬಂಗಾರದಂತೆ ಬಾಳೋಣವೆಂದು ಪರಸ್ಪರ ಹಾರೈಸುವುದು ನಮ್ಮ ಹಿರಿಯರು ಉಳಿಸಿಕೊಂಡು ಬಂದ ಸಂಪ್ರದಾಯ. ಮುಂಬಯಿಯಲ್ಲಿ ನೆಲೆಸಿದ ನಾವು ಬನ್ನಿ ದೊರೆಯದಾಗ ಇಲ್ಲಿಯವರಂತೆ ಆಪಟಾ ಮರದ ಎಲೆಯನ್ನೇ ಚಿನ್ನವೆಂದು ಹಂಚುತ್ತೇವೆ. ಪೇಟೆಯಲ್ಲಿ ಈ ಎಲೆಗೆ ಚಿನ್ನದ ಬೆಲೆಯಿಲ್ಲವೆಂಬುದು ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಆದರೂ ಎಲೆ ಹೊನ್ನಾಗುವುದು ಹೇಗೆ? ಇಬ್ಬರ ನಡುವಣ ವಿಶ್ವಾಸದಿಂದ. ನಮ್ಮ ಜೇಬಿನ ನೂರು ರೂಪಾಯಿಯ ನೋಟೂ ಇದಕ್ಕೆ ಹೊರತಲ್ಲ. ರಿಸರ್ವ್ ಬ್ಯಾಂಕಿನ ಗವರ್ನರರು ಸಹಿ ಮಾಡಿ ಕೊಟ್ಟ ವಚನವನ್ನು ಎಲ್ಲರೂ ನಂಬಿರುವುದರಿಂದಲೇ ಆ ಕಾಗದಕ್ಕೆ ಅಂಗಡಿಯಲ್ಲಿ ಅಕ್ಕಿ, ಬೇಳೆ ದೊರೆಯುತ್ತವೆ.

ಬನ್ನಿಗೆ ಈ ಗೌರವ ಸಂದುದರ ಹಿಂದೆ ವಿರಾಟಪರ್ವದ ಕಥೆಯಿದೆ. ಹನ್ನೆರಡು ವರ್ಷಗಳ ವನವಾಸ ಮುಗಿಸಿ ಅಜ್ಞಾತವಾಸಕ್ಕೆ ಹೊರಟ ಪಾಂಡವರು, ವಿರಾಟನಗರಿಯ ಹೊರಗೆ ಸ್ಮಶಾನದ ಬಳಿಯಿದ್ದ ಶಮೀವೃಕ್ಷದಲ್ಲಿ ತಮ್ಮ ಆಯುಧಗಳನ್ನಿರಿಸಿದರು. ನಕುಲನು ಮರವೇರಿ ಅವನ್ನು ಭದ್ರವಾಗಿ ಕಟ್ಟಿದನು. ಜನರು ಹತ್ತಿರ ಸುಳಿಯದಿರಲೆಂದು ಒಂದು ಶವವನ್ನೂ ಅಲ್ಲಿ ತೂಗುಹಾಕಿದರು. ನಂಬಿಕೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಎಚ್ಚರವೂ ಅದರ ಒಡಹುಟ್ಟೇ. ಮುಂದೆ ಬೃಹನ್ನಳೆಯ ಮಾತಿನಂತೆ ಉತ್ತರಕುಮಾರನು ಅದೇ ಮರವನ್ನೇರಿದಾಗ ಗಾಂಡೀವವು ಇಟ್ಟಂತೆಯೇ ಇದ್ದಿತು. ಆ ಮರ ಯುದ್ಧ ಮಾಡಲಿಲ್ಲ, ರಾಜ್ಯ ಗೆಲ್ಲಲಿಲ್ಲ. ತನ್ನಲ್ಲಿ ಇಟ್ಟುದನ್ನು ಕಾಯ್ದು ಮರಳಿಸಿತು, ಅಷ್ಟೆ. ಅಷ್ಟನ್ನೇ ನೆನೆದು ನಮ್ಮವರು ಅದಕ್ಕೆ ಕೈಮುಗಿಯುತ್ತ ಬಂದಿದ್ದಾರೆ.

ಊರು ಬಿಟ್ಟು ಬಂದ ನಮಗೂ ಮಹಾನಗರವು ಒಂದು ಬಗೆಯ ಅಜ್ಞಾತವಾಸವೇ. ಹುಟ್ಟೂರಿನಲ್ಲಿ ತಲೆಮಾರುಗಳ ಪರಿಚಯವೇ ನಂಬಿಕೆಗೆ ಜಾಮೀನು. ಇಲ್ಲಿ ನಾವು ಯಾರ ಮಕ್ಕಳೆಂಬುದನ್ನು ಯಾರೂ ಅರಿಯರು. ಆದರೂ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಬದುಕು ಅಪರಿಚಿತರ ಕೈಯಲ್ಲೇ ಸಾಗುತ್ತದೆ. 19ನೆಯ ಶತಮಾನದ ಕೊನೆಯಿಂದಲೂ ಈ ನಗರದಲ್ಲಿ ಊಟದ ಡಬ್ಬಿಗಳನ್ನು ಹೊತ್ತು ತಲುಪಿಸುವವರಿದ್ದಾರೆ. ಮನೆಬಾಗಿಲಲ್ಲಿ ಕೊಟ್ಟ ಡಬ್ಬಿ ಲೋಕಲ್ ಗಾಡಿಯೇರಿ, ಹಲವು ಕೈ ಬದಲಿಸಿ, ಮುಚ್ಚಳದ ಮೇಲಿನ ಗುರುತೊಂದರ ಬಲದಿಂದ ಕಚೇರಿ ಸೇರುತ್ತದೆ. ಕೊಟ್ಟವರು ಉಂಡವರೆಲ್ಲ ಆ ಹೊತ್ತವರ ಹೆಸರನ್ನು ಬಲ್ಲರೇ?

ಹೀಗೆ ನಂಬಿ ಬದುಕುವ ನಾವು ಕೆಲವೊಮ್ಮೆ ಹತ್ತಿರದವರಲ್ಲೇ ಎಡವುತ್ತೇವೆ. ಸಂಕೋಚದಿಂದಲೇ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಉಂಗುರ ಕಾಣೆಯಾಯಿತು. ಬಹುಕಾಲದಿಂದ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ನಾವು ಏನೂ ಕೇಳಲಿಲ್ಲ. ಕಪಾಟಿಗೆ ಬೀಗ ಹಾಕತೊಡಗಿದೆವು. ಆಕೆಗೆ ಅಷ್ಟೇ ಸಾಕಾಯಿತು. ಮರುದಿನದಿಂದ ಹೊರಡುವ ಮುನ್ನ, ಯಾರೂ ಕೇಳದಿದ್ದರೂ, ತನ್ನ ಬಟ್ಟೆಯ ಚೀಲವನ್ನು ನಮ್ಮೆದುರು ಕೊಡವಿ ತೋರಿಸಿ ಹೋಗುತ್ತಿದ್ದಳು. ತಿಂಗಳ ಬಳಿಕ ಉಂಗುರ ಹಳೆಯ ಕಂಬಳಿಯ ಮಡಿಕೆಯಲ್ಲಿ ಸಿಕ್ಕಿತು. ಕ್ಷಮೆ ಕೇಳಿದೆವು, ಬೀಗ ತೆಗೆದೆವು. ಆಕೆ ನಕ್ಕು ಸುಮ್ಮನಾದಳು. ಆದರೆ ಚೀಲ ಕೊಡವುವುದನ್ನು ಮಾತ್ರ ಬಿಡಲಿಲ್ಲ.

ವಿಶ್ವಾಸದ್ರೋಹವೆಂದರೆ ಇಟ್ಟುದನ್ನು ಅಪಹರಿಸುವುದು ಮಾತ್ರವಲ್ಲ. ಕಾಯ್ದವರನ್ನು ಕಾರಣವಿಲ್ಲದೆ ಶಂಕಿಸುವುದೂ ಅದೇ ಪಾಪವೆಂದು ನಾನು ಕಲಿತದ್ದು ಅಂದು. ಯಾರನ್ನು ನಂಬಬಹುದೆಂದು ನಾವು ದಿನವೂ ಲೆಕ್ಕ ಹಾಕುತ್ತೇವೆ. ಬನ್ನಿಯ ಮರ ಕೇಳುವ ಪ್ರಶ್ನೆ ಬೇರೆ: ನಿನ್ನಲ್ಲಿ ಇಟ್ಟ ನಂಬಿಕೆಯನ್ನು ನೀನು ಇಟ್ಟಂತೆಯೇ ಮರಳಿಸಬಲ್ಲೆಯಾ?

ಈ ದಸರೆಯಲ್ಲಿ ಬಂಧುಮಿತ್ರರಿಗೆ ಎಲೆ ಹಂಚುವಾಗ, ನಮ್ಮ ಬೀಗದಕೈ ಇಟ್ಟುಕೊಳ್ಳುವ ನೆರೆಯವರಿಗೂ, ನಮ್ಮ ಮನೆ ಗುಡಿಸಿ ಸಾರಿಸುವವರಿಗೂ ಒಂದೊಂದು ಎಲೆಯನ್ನು ತಲೆಬಾಗಿ ಕೊಡೋಣ. ಕೊಟ್ಟ ಎಲೆಯನ್ನು ಬಂಗಾರವಾಗಿಸುವ ಮನಸ್ಸನ್ನು ಜಗನ್ಮಾತೆಯು ನಮಗೆಲ್ಲರಿಗೂ ಕರುಣಿಸಲಿ.