ಹಗುರ ಹೊರೆಯ ದಿನಗಳು



ಪವಿತ್ರ ಕುರ್‌ಆನಿನ ಏಳನೆಯ ಅಧ್ಯಾಯದ 189ನೆಯ ಸೂಕ್ತದಲ್ಲಿ ಗರ್ಭದ ಎರಡು ಹಂತಗಳ ಪ್ರಸ್ತಾಪವಿದೆ. ಮೊದಲು ಸ್ತ್ರೀಯು ಹಗುರವಾದ ಹೊರೆಯೊಂದನ್ನು ಹೊತ್ತು ಎಂದಿನಂತೆ ಓಡಾಡಿಕೊಂಡಿರುತ್ತಾಳೆ. ಅದು ಭಾರವಾದಾಗ ಪತಿ-ಪತ್ನಿ ಇಬ್ಬರೂ ತಮ್ಮ ಪ್ರಭುವಿನಲ್ಲಿ ಮೊರೆಯಿಡುತ್ತಾರೆ. ಹೊರೆ ಭಾರವಾದ ಮೇಲೆ ಓಣಿಗೆಲ್ಲ ತಿಳಿಯುತ್ತದೆ, ಮನೆಯವರು ಜೋಪಾನವನ್ನೂ ಮಾಡುತ್ತಾರೆ. ಆದರೆ ಹೊರೆ ಹಗುರವಾಗಿರುವ ದಿನಗಳಲ್ಲಿ? ಆಗ ಅದನ್ನು ಬಲ್ಲವರು ಅಲ್ಲಾಹ್ ಮತ್ತು ಆ ಹೆಣ್ಣುಮಗಳು ಮಾತ್ರ. ಕೆಲವೊಮ್ಮೆ ಅವಳಿಗೂ ತಿಳಿದಿರುವುದಿಲ್ಲ.

ನಾನು ಕಟಕೋಳದಲ್ಲಿ ಮಕ್ಕಳಿಗೆ ದೀನಿನ ಪಾಠ ಹೇಳುವವನು. ಕೆಲವು ವರ್ಷಗಳ ಹಿಂದೆ ರಮಝಾನಿನ ಒಂದು ದಿನ, ಗರ್ಭಿಣಿಯರ ಉಪವಾಸದ ಮಸಲೆಯನ್ನು ಮಸೀದಿಯಲ್ಲಿ ವಿವರಿಸಿ ಮನೆಗೆ ಬಂದೆ. ನನ್ನ ಹೆಂಡತಿ ಒಲೆಯ ಮುಂದೆ ತಲೆ ಸುತ್ತಿ ಬಿದ್ದಿದ್ದಳು. ಅವಳಿಗೆ ಆಗಲೇ ಎರಡು ತಿಂಗಳಾಗಿತ್ತು. ಸಹ್ರಿಗೆ ಉಂಡದ್ದೆಲ್ಲ ವಾಂತಿಯಾಗುತ್ತಿದ್ದರೂ ಒಂದು ಉಪವಾಸವನ್ನೂ ಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದೆ. “ರೋಜಾ ಬಿಟ್ಟರ ಮನಿಮಂದಿಗೆಲ್ಲ ಗೊತ್ತಾಗತೈತಿ. ಮಾವನವರ ಮುಂದ ಹ್ಯಾಂಗ ಅಡ್ಡಾಡ್ಲಿ?” ಎಂದಳು. ಅಲ್ಲಾಹನ ಕೃಪೆಯಿಂದ ತಾಯಿ-ಮಗು ಕ್ಷೇಮವಾಗಿ ಉಳಿದರು. ಆದರೆ ಜನರಿಗೆ ಮಸಲೆ ಹೇಳುವ ನನಗೆ ನನ್ನ ಮನೆಯೊಳಗಿನ ಸಂಗತಿ ತಿಳಿದಿರಲಿಲ್ಲ! ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಸಹೋದರಿಯರೇ, ದೀನು ನಿಮಗೆ ಒಂದು ಒಳ್ಳೆಯ ರೂಢಿಯನ್ನು ಕಲಿಸಿದೆ. ನಮಾಝ್ ಮತ್ತು ಉಪವಾಸದ ಸಲುವಾಗಿ ಪ್ರತಿಯೊಬ್ಬ ಸ್ತ್ರೀಯೂ ತನ್ನ ಮುಟ್ಟಿನ ದಿನಗಳ ಲೆಕ್ಕ ಇಟ್ಟುಕೊಳ್ಳಲೇಬೇಕು. ಹನಫಿ ಫಿಕ್ಹ್‌ನಲ್ಲಿ ಆ ಅವಧಿ ಕನಿಷ್ಠ 3 ದಿನ, ಗರಿಷ್ಠ 10 ದಿನ. ಈ ಲೆಕ್ಕವೇ ಗರ್ಭದ ಮೊದಲ ಸುಳಿವನ್ನೂ ಕೊಡುತ್ತದೆ. ವೈದ್ಯರು ಮೊದಲು ಕೇಳುವುದು ಕೊನೆಯ ಮುಟ್ಟಿನ ಮೊದಲ ದಿನ ಯಾವುದೆಂದೇ. ಅಲ್ಲಿಂದ 280 ದಿನ ಎಣಿಸಿ ಹೆರಿಗೆಯ ದಿನವನ್ನು ಅಂದಾಜು ಮಾಡುತ್ತಾರೆ.

ಮುಟ್ಟು ತಪ್ಪುವುದು ಮೊದಲ ಗುರುತು. ಓಕರಿಕೆ ಬೆಳಿಗ್ಗೆ ಮಾತ್ರವಲ್ಲ, ಯಾವ ಹೊತ್ತಿನಲ್ಲೂ ಬರಬಹುದು. ಎದೆ ಬಿಗಿದು ನೋಯುವುದು, ಕಾರಣವಿಲ್ಲದ ದಣಿವು, ಮೇಲಿಂದ ಮೇಲೆ ಮೂತ್ರ, ನಿನ್ನೆಯವರೆಗೆ ಹಿಡಿಸುತ್ತಿದ್ದ ಒಗ್ಗರಣೆಯ ವಾಸನೆ ಇಂದು ಬೇಡವೆನಿಸುವುದು, ಇವೆಲ್ಲ ಉಳಿದ ಗುರುತುಗಳು. ಎಲ್ಲರಲ್ಲೂ ಎಲ್ಲವೂ ಕಾಣುವುದಿಲ್ಲ. ಚಿಂತೆ, ಕಾಯಿಲೆ, ನಿಶ್ಶಕ್ತಿಗಳಿಂದಲೂ ಮುಟ್ಟು ತಡವಾಗುವುದುಂಟು. ಇನ್ನು ಹಾಲೂಡಿಸುವ ತಾಯಂದಿರು, “ಹೆರಿಗೆಯಾದ ಮೇಲೆ ಮುಟ್ಟೇ ಬಂದಿಲ್ಲ, ಬಸಿರು ಎಲ್ಲಿಂದ?” ಎಂದು ನಿಶ್ಚಿಂತರಾಗಿರುತ್ತಾರೆ. ಮುಟ್ಟು ಮರಳಿ ಬರುವ ಮೊದಲೇ ಗರ್ಭ ನಿಲ್ಲಬಹುದೆಂಬುದನ್ನು ಅವರು ತಿಳಿದಿರಬೇಕು.

ಆದ್ದರಿಂದ ಊಹಿಸುತ್ತ ಕೂರುವುದು ಬೇಡ. ಮೂತ್ರ ಪರೀಕ್ಷೆಯ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ಇರುತ್ತದೆ. ಮುಟ್ಟು ತಪ್ಪಿದ ಮೇಲೆ ಪರೀಕ್ಷಿಸಬೇಕು. ಇಲ್ಲವೆಂದು ಬಂದು ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಯಾರಿಗೂ ಹೇಳದೆ ಅಂಗಡಿಯಿಂದ ‘ಮುಟ್ಟು ಬರಿಸುವ ಗುಳಿಗೆ’ ತರಿಸಿ ನುಂಗುವುದಂತೂ ಖಂಡಿತ ಸಲ್ಲದು.

ಬೇಗನೆ ತಿಳಿಯುವುದರಿಂದ ಆಗುವ ಪ್ರಯೋಜನವೇನು? ಮಗುವಿನ ಮೆದುಳು ಮತ್ತು ಬೆನ್ನುಹುರಿಗೆ ಆಧಾರವಾಗುವ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಂದರೆ ತಾಯಿಯು ‘ತಿಂಗಳು ತಪ್ಪಿತೇ?’ ಎಂದು ಅನುಮಾನಿಸುವ ಹೊತ್ತಿಗೆ ಅಲ್ಲಾಹನ ಸೃಷ್ಟಿಕಾರ್ಯ ಎಷ್ಟೋ ಮುಂದೆ ಸಾಗಿರುತ್ತದೆ. ಆದುದರಿಂದಲೇ ಮಗು ಬೇಕೆಂದಿರುವವರು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ಹತ್ತಿ ಬಿಡಿಸಲು, ಕಳೆ ತೆಗೆಯಲು ಹೊಲಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಔಷಧಿ ಹೊಡೆಯುವ ಕಡೆ ಸುಳಿಯಬಾರದು. 12 ವಾರಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಂಡರೆ ರಕ್ತಹೀನತೆ, ರಕ್ತದೊತ್ತಡಗಳು ಹೊತ್ತಿಗೆ ಮೊದಲೇ ಗೊತ್ತಾಗುತ್ತವೆ.

ಇನ್ನೊಂದು ಮಾತನ್ನು ಮರೆಯಬಾರದು. ಮುಟ್ಟು ತಪ್ಪಿದ ಮೇಲೆ ರಕ್ತ ಕಂಡರೆ ‘ತಡವಾಗಿ ಬಂತು’ ಎಂದು ಸುಮ್ಮನಿರಬೇಡಿ. ಗರ್ಭಿಣಿಗೆ ಕಾಣುವ ರಕ್ತವು ಹನಫಿ ಫಿಕ್ಹ್ ಪ್ರಕಾರ ಮುಟ್ಟಲ್ಲ, ಇಸ್ತಿಹಾಝಃ. ಅದರಿಂದ ನಮಾಝಿನ ಹೊಣೆ ತಪ್ಪುವುದಿಲ್ಲ. ಗರ್ಭವೇ ಇಳಿದಿದ್ದರೆ ಮಸಲೆ ಬೇರೆ, ಆಲಿಮರನ್ನು ಕೇಳಬೇಕು. ಆದರೆ ಅದಕ್ಕೂ ಮೊದಲು ವೈದ್ಯರಲ್ಲಿಗೆ ಹೋಗಬೇಕು. ಕೆಲವೊಮ್ಮೆ ಗರ್ಭವು ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಲ್ಲುವುದುಂಟು. ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ರಕ್ತ, ತಲೆ ಸುತ್ತುವಿಕೆ ಕಂಡರೆ ರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಇದು ಪ್ರಾಣದ ಪ್ರಶ್ನೆ.

“ಇದನ್ನೆಲ್ಲ ಹೇಳಿಕೊಳ್ಳಲು ನಾಚಿಕೆ” ಎನ್ನುತ್ತೀರಾ? ಲಜ್ಜೆ ಈಮಾನಿನ ಅಂಗ, ನಿಜ. ಆದರೆ ಅನ್ಸಾರ್ ಸ್ತ್ರೀಯರು ಲಜ್ಜೆಯ ಕಾರಣದಿಂದ ದೀನಿನ ಜ್ಞಾನವನ್ನು ಕೇಳಿ ತಿಳಿಯದೆ ಉಳಿಯಲಿಲ್ಲವೆಂದು ಹಝ್ರತ್ ಆಇಶಾ(ರ) ಅವರನ್ನು ಮೆಚ್ಚಿಕೊಂಡಿದ್ದಾರೆ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮ್ಮ ರಕ್ತಸ್ರಾವದ ಕುರಿತು ಸ್ವತಃ ಪ್ರವಾದಿವರ್ಯರಲ್ಲಿಗೇ(ಸ) ಹೋಗಿ ಕೇಳಿದರು. ಪ್ರವಾದಿವರ್ಯರು(ಸ) ಗದರಿಸಲಿಲ್ಲ, ಮುಖ ತಿರುಗಿಸಲಿಲ್ಲ, ಮಸಲೆಯನ್ನು ತಿಳಿಸಿಕೊಟ್ಟರು. ವಿಚ್ಛೇದಿತ ಸ್ತ್ರೀಯರು ಗರ್ಭದಲ್ಲಿರುವುದನ್ನು ಮರೆಮಾಚಕೂಡದೆಂದು ಅಲ್‌ಬಕರಃ ಅಧ್ಯಾಯದ 228ನೆಯ ಸೂಕ್ತದಲ್ಲಿ ಆಜ್ಞೆಯಿದೆ. ಅಗಲುತ್ತಿರುವವರ ನಡುವೆಯೇ ಮುಚ್ಚಿಡಬಾರದಾದ ಸಂಗತಿಯನ್ನು ಒಂದೇ ಸೂರಿನಡಿ ಬಾಳುವವರು ಮುಚ್ಚಿಡುವುದೇಕೆ?

ಸಹೋದರರೇ, ಅತ್ತೆ-ಮಾವಂದಿರೇ, ಅವಳು ಬಾಯಿಬಿಟ್ಟು ಹೇಳುವಂಥ ಮನೆಯನ್ನು ನೀವು ಕಟ್ಟಿಕೊಡಿ. ಸೊಸೆ ಹೊತ್ತಲ್ಲದ ಹೊತ್ತಿನಲ್ಲಿ ಮಲಗಿದರೆ ಸೋಮಾರಿ ಎನ್ನಬೇಡಿ. ತನಗಾಗಲಿ ಮಗುವಿಗಾಗಲಿ ಹಾನಿಯ ಭಯವಿರುವ ಗರ್ಭಿಣಿ ಉಪವಾಸ ಬಿಟ್ಟು ಮುಂದೆ ಕಝಾ ತೀರಿಸಬಹುದು. ಅಲ್ಲಾಹನು ಕೊಟ್ಟ ಈ ರಿಯಾಯಿತಿಯನ್ನು ಅವಳಿಂದ ಕಸಿದುಕೊಳ್ಳಲು ನಾವು ಯಾರು? ಮಗು ಬೇಗ ನಿಲ್ಲದ ಮನೆಗಳಲ್ಲಿ ತಿಂಗಳು ತಿಂಗಳೂ ಅವಳ ಮುಖ ನೋಡಿ ಲೆಕ್ಕ ಕೇಳುವ ಚಾಳಿಯನ್ನೂ ಬಿಡಿ. ಕೊಡುವವನು, ಕೊಡದಿರುವವನು ಅಲ್ಲಾಹನೇ.

ಓ ಅಲ್ಲಾಹ್, ನಮ್ಮ ತಾಯಂದಿರು, ಪತ್ನಿಯರು, ಪುತ್ರಿಯರ ಹಗುರ ಹೊರೆಯನ್ನೂ ಭಾರದ ಹೊರೆಯನ್ನೂ ಸುರಕ್ಷಿತವಾಗಿ ದಡ ಮುಟ್ಟಿಸು. ಅವರ ಮೌನವನ್ನು ಅರಿಯುವ ಕಣ್ಣನ್ನು ನಮಗೆ ಕರುಣಿಸು. ಆಮೀನ್.