ಬಿಟ್ಟದ್ದೋ, ಬಿಡಿಸಿದ್ದೋ?

ಪರಿಗ್ರಹವು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಣ ಮೂರ್ಛೆಯಲ್ಲಿದೆ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿರುವುದನ್ನು ನಾವು ಸ್ವಾಧ್ಯಾಯದಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮನೆ, ಊರು, ಒಡನಾಡಿಗಳು ಇದ್ದೂ ಅವುಗಳಲ್ಲಿ 'ನನ್ನದು' ಎಂಬ ಭಾವ ಎಷ್ಟು ಸಡಿಲವಾಗುವುದೋ ಅಷ್ಟರಮಟ್ಟಿಗೆ ಜೀವನು ಹಗುರಾಗುತ್ತಾನೆ. ಆದರೆ ತಾನಾಗಿ ಬಿಡದೆ, ಇತರರು ಬಿಡಿಸಿದಾಗ ಕಹಿಯಿಲ್ಲದೆ ಬಿಟ್ಟು ನಡೆದವನನ್ನು ಏನೆಂದು ಕರೆಯಬೇಕು? ಅವನಿಂದ ಬಿಡಿಸಿದವರ ಲೆಕ್ಕವೇನು? ಇದಕ್ಕೆ ನಮ್ಮ ಪುರಾಣಗಳಲ್ಲಿಯೇ ದೃಷ್ಟಾಂತಗಳಿಗೆ ಕೊರತೆಯಿಲ್ಲ. ಆದರೂ ಈ ವಿಚಾರವನ್ನು ನನ್ನಲ್ಲಿ ಎಬ್ಬಿಸಿದ್ದು ಬಹುದೂರದ ಹಿಮದ ನಾಡಿನ ಒಬ್ಬ ಆಟಗಾರನ ಬದುಕು. ಆದ್ದರಿಂದ ಅದನ್ನೇ ಹೇಳುತ್ತೇನೆ.

ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತದ ರೆಜೈನಾ ನಗರದಲ್ಲಿ 1971ರಲ್ಲಿ ಜನಿಸಿದ ಮೈಕ್ ಸಿಲಿಂಜರ್ ವೃತ್ತಿಯಿಂದ ಐಸ್ ಹಾಕಿ ಆಟಗಾರರು. ಅದು ಮಂಜುಗಡ್ಡೆಯ ಅಂಗಳದ ಮೇಲೆ ಕಾಲಿಗೆ ಉಕ್ಕಿನ ಅಲಗುಗಳ ಪಾದರಕ್ಷೆ ಕಟ್ಟಿಕೊಂಡು ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಗುರಿಗೆ ಹೊಡೆಯುವ ಆಟ. ನಡುನಡುವೆ ಮುಷ್ಟಿಯುದ್ಧವೂ ನಡೆಯುವುದುಂಟು. ಅಹಿಂಸಾಧರ್ಮಿಗಳಾದ ನಮಗೆ ಅದು ರುಚಿಸುವಂತಹುದಲ್ಲ. ಆ ಮಾತು ಬೇರೆ. ಅಮೆರಿಕ ಮತ್ತು ಕೆನಡಾಗಳ ಅತ್ಯುನ್ನತ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ತಂಡ ಹುಡುಗನನ್ನು ಆರಿಸುತ್ತದೆ. ಹುಡುಗನು ತಂಡವನ್ನು ಆರಿಸುವಂತಿಲ್ಲ. 1989ರಲ್ಲಿ ಡೆಟ್ರಾಯಿಟ್ ತಂಡವು ಸಿಲಿಂಜರ್ ಅವರನ್ನು ಹನ್ನೊಂದನೆಯವರಾಗಿ ಆರಿಸಿತು.

ಅಲ್ಲಿಂದ 1995ರಲ್ಲಿ ಅನಾಹೈಮ್, ಮರುವರ್ಷ ವ್ಯಾಂಕೂವರ್, 1998ರಲ್ಲಿ ಫಿಲಡೆಲ್ಫಿಯಾ, ಅದೇ ವರ್ಷದ ಕೊನೆಗೆ ಟ್ಯಾಂಪಾ ಬೇ, 2000ದಲ್ಲಿ ಫ್ಲಾರಿಡಾ, 2001ರಲ್ಲಿ ಆಟವಾ, ಅನಂತರ ಕೊಲಂಬಸ್, ಫೀನಿಕ್ಸ್, ಸೇಂಟ್ ಲೂಯಿಸ್, ನ್ಯಾಶ್‌ವಿಲ್, ಕಡೆಗೆ ನ್ಯೂಯಾರ್ಕ್ ಐಲ್ಯಾಂಡರ್ಸ್. ಒಟ್ಟು ಹನ್ನೆರಡು ತಂಡಗಳು. ಆ ಲೀಗಿನಲ್ಲಿ ಇದೊಂದು ದಾಖಲೆ. ಕೊಲಂಬಸ್ ಮತ್ತು ಐಲ್ಯಾಂಡರ್ಸ್ ತಂಡಗಳನ್ನು ಅವರೇ ಒಪ್ಪಂದ ಮಾಡಿಕೊಂಡು ಸೇರಿದರು. ಉಳಿದ ಸ್ಥಳಾಂತರಗಳೆಲ್ಲ ಬಹುಮಟ್ಟಿಗೆ ತಂಡಗಳ ನಡುವಣ ವಿನಿಮಯಗಳು. ಆಟಗಾರನನ್ನು ಕೊಟ್ಟು ಆಟಗಾರನನ್ನೋ, ಮುಂದೊಂದು ವರ್ಷ ಇನ್ನಾವನೋ ಹುಡುಗನನ್ನು ಆರಿಸುವ ಹಕ್ಕನ್ನೋ ಪಡೆಯುವುದು ಅಲ್ಲಿಯ ರೂಢಿ. ಒಪ್ಪಿಗೆಯಿಲ್ಲದೆ ಕಳುಹಿಸಬಾರದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿಕೊಳ್ಳುವ ಅವಕಾಶ ಹಿರಿಯರಿಗುಂಟಾದರೂ ಅದು ಒದಗುವುದು ಹೆಚ್ಚಾಗಿ ಪ್ರಸಿದ್ಧರಿಗೆ. 2003ರ ಜುಲೈಯಲ್ಲಿ ಕೊಲಂಬಸ್ ತಂಡವು ಸಿಲಿಂಜರ್ ಅವರನ್ನು ಡಲ್ಲಾಸ್ ತಂಡಕ್ಕೆ ಕೊಟ್ಟಿತು. ಅದೇ ದಿನ ಡಲ್ಲಾಸ್ ಅವರನ್ನು ಫೀನಿಕ್ಸ್‌ಗೆ ದಾಟಿಸಿತು. ಡಲ್ಲಾಸ್‌ನ ಅಂಗಿಯನ್ನು ಅವರು ಒಮ್ಮೆಯೂ ತೊಡಲಿಲ್ಲ.

ಅವರು ಅಸಮರ್ಥರಾಗಿದ್ದರೆಂದಲ್ಲ. ಸಾವಿರಕ್ಕೂ ಮಿಕ್ಕಿದ ಪಂದ್ಯಗಳು, 240 ಗೋಲುಗಳು ಅವರ ಹೆಸರಿನಲ್ಲಿವೆ. ಆಟ ನಿಂತು ಮತ್ತೆ ತೊಡಗುವಾಗ ತೀರ್ಪುಗಾರನು ಇಬ್ಬರ ನಡುವೆ ಬಿಲ್ಲೆಯನ್ನು ಬಿಡುತ್ತಾನೆ. ಅದನ್ನು ತನ್ನವರ ಕಡೆಗೆ ಸೆಳೆಯುವುದು ಅವರ ಕೌಶಲ. ಜೊತೆಗಾರನೊಬ್ಬನು ತಪ್ಪಿಗಾಗಿ ಎರಡು ನಿಮಿಷ ಹೊರಗೆ ಕುಳಿತಾಗ, ಒಬ್ಬನ ಕೊರತೆಯಲ್ಲಿ ಎದುರಾಳಿಯನ್ನು ತಡೆದು ನಿಲ್ಲಿಸುವುದು ಅವರ ಇನ್ನೊಂದು ಕೆಲಸ. ಇಂತಹವರು ಎಲ್ಲ ತಂಡಗಳಿಗೂ ಬೇಕು, ಯಾವ ತಂಡಕ್ಕೂ ಅನಿವಾರ್ಯರಲ್ಲ. ಅತಿಶಯ ಪ್ರತಿಭೆಯವನನ್ನು ಯಾರೂ ಬಿಟ್ಟುಕೊಡರು, ಏನೂ ಬಾರದವನನ್ನು ಯಾರೂ ಕೇಳರು. ಅಲೆದಾಟ ಒದಗುವುದು ಇವೆರಡರ ನಡುವಿನವನಿಗೆ. ಅಲ್ಲಿಯ ಪರಮೋಚ್ಚ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಡೆಟ್ರಾಯಿಟ್ 1997 ಮತ್ತು 1998ರಲ್ಲಿ, ಟ್ಯಾಂಪಾ ಬೇ 2004ರಲ್ಲಿ, ಅನಾಹೈಮ್ 2007ರಲ್ಲಿ ಗೆದ್ದುಕೊಂಡವು. ಆ ವೇಳೆಗೆ ಸಿಲಿಂಜರ್ ಅಲ್ಲಿಂದ ಹೊರಟು ವರ್ಷಗಳಾಗಿದ್ದವು.

ಮೇಲುನೋಟಕ್ಕೆ ಇದು ಮುನಿಗಳ ವಿಹಾರವನ್ನು ನೆನಪಿಗೆ ತರುತ್ತದೆ. ಚಾತುರ್ಮಾಸದ ಹೊರತು ಅವರು ಒಂದೆಡೆ ನೆಲೆ ನಿಲ್ಲರು. ನೆಲೆ ನಿಂತರೆ ಊರಿನ ಮೇಲೆ ಮಮಕಾರ ಬೆಳೆಯುವುದು. ಆದರೆ ಈ ಹೋಲಿಕೆಯನ್ನು ನಾನು ಮುಂದುವರಿಸಲಾರೆ. ಮುನಿಯನ್ನು ನಡೆಸುವುದು ಆತನ ವ್ರತ, ಆಟಗಾರನನ್ನು ನಡೆಸುವುದು ದೂರವಾಣಿಯ ಕರೆ. ಅವನ ಹಿಂದೆ ಮನೆಯವರಿದ್ದಾರೆ, ಶಾಲೆಯ ವರ್ಷ ಅರ್ಧಕ್ಕೆ ತುಂಡಾಗುವ ಮಕ್ಕಳಿದ್ದಾರೆ.

ನಮ್ಮ ಆಚಾರ್ಯರು ಈ ಭೇದವನ್ನು ಸೂಕ್ಷ್ಮವಾಗಿ ಗುರುತಿಸಿ ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಅದು ಅಕಾಮ ನಿರ್ಜರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಸೆರೆಯಲ್ಲಿರುವವನ ಉದಾಹರಣೆಯನ್ನು ಕೊಡುತ್ತಾರೆ. ಅವನು ಹಸಿವು ಬಾಯಾರಿಕೆಗಳನ್ನು ತಡೆಯುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ಯಾವುದೂ ಅವನ ಇಚ್ಛೆಯಿಂದಲ್ಲ. ಆದರೂ ಅದನ್ನು ಸಹಿಸಿದುದರಿಂದ ಕರ್ಮವು ಸ್ವಲ್ಪ ಉದುರುತ್ತದೆ. ಸಂಯಮದಿಂದಾಗುವ ನಿರ್ಜರೆಗೆ ಇದು ಸಮನಲ್ಲ, ಆದರೆ ಶೂನ್ಯವೂ ಅಲ್ಲ. ಇಲ್ಲಿ ನಾನು ಎತ್ತಿ ಹೇಳಬಯಸುವುದು ಒಂದೇ. ಆ ಫಲವು ಸೆರೆಯಲ್ಲಿದ್ದವನದು. ಅವನನ್ನು ಸೆರೆಯಲ್ಲಿಟ್ಟವನು 'ನನ್ನಿಂದಲ್ಲವೇ ಇವನಿಗೆ ನಿರ್ಜರೆಯಾದದ್ದು' ಎಂದರೆ ಯಾವ ಆಚಾರ್ಯರೂ ಒಪ್ಪರು.

ಆಟಗಾರನು ಸೆರೆಯಾಳಲ್ಲ, ಕೈತುಂಬ ಸಂಬಳ ಪಡೆದವನು, ತಿಳಿದೇ ಸಹಿ ಮಾಡಿದವನು ಎಂದು ಓದುಗರು ಆಕ್ಷೇಪಿಸಬಹುದು. ಆ ಮಾತು ನಿಜ. ಅವರನ್ನು ಕಂಡು ಮರುಗಬೇಕಾಗಿಲ್ಲ. ಆದರೂ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರನ್ನೂ ಎಣಿಸಿದ್ದಾರೆ. ಮನುಷ್ಯನ ಮೇಲೆಯೂ ಒಡೆತನದ ಮೂರ್ಛೆ ಬರುವುದೆಂದು ಅವರಿಗೆ ತಿಳಿದಿತ್ತು. ಆ ದಾಸನಿಗೆ ಕೂಲಿ ಎಷ್ಟೆಂದು ಅವರು ಕೇಳಲಿಲ್ಲ. ಹೆಚ್ಚು ಕೂಲಿ ಕೊಟ್ಟ ಮಾತ್ರಕ್ಕೆ ಒಡೆಯನ ಮೂರ್ಛೆ ಕಡಿಮೆಯಾಗುವುದಿಲ್ಲ.

ಇದು ಹಿಮದ ನಾಡಿನವರ ದೋಷವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬಸದಿಯ ಟ್ರಸ್ಟೊಂದರ ಸಭೆಯಲ್ಲಿ ಪುರೋಹಿತರೊಬ್ಬರನ್ನು ಬೇರೆ ಕ್ಷೇತ್ರಕ್ಕೆ ಕಳುಹಿಸುವ ವಿಷಯ ಬಂದಾಗ ಸದಸ್ಯರೊಬ್ಬರು, "ಅವರು ಬಹಳ ಸಾತ್ವಿಕರು, ಎಲ್ಲಿಗೆ ಹಾಕಿದರೂ ಹೋಗುತ್ತಾರೆ" ಎಂದರು. ಎಲ್ಲರೂ ತಲೆದೂಗಿದೆವು. ನಾನೂ ಕೈಯೆತ್ತಿದವನೇ. ಅವರನ್ನೊಮ್ಮೆ ಕೇಳೋಣವೆಂದು ಯಾರಿಗೂ ತೋಚಲಿಲ್ಲ. ಅವರು ಹೋದರು, ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಅವರ ಶಾಂತಭಾವವನ್ನು ನಾವು ಹೊಗಳಿದ್ದು ನಮ್ಮ ಅನುಕೂಲಕ್ಕಾಗಿ ಎಂಬುದು ನನಗೆ ಅರಿವಾದದ್ದು ಬಹಳ ತಡವಾಗಿ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿ ಹೊರೆ ಹೇರುವುದನ್ನು ಅದಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಸಿಲಿಂಜರ್ ಅವರ ಆಟ 2009ರಲ್ಲಿ ಸೊಂಟದ ಕೀಲಿನ ತೊಂದರೆಯಿಂದ ಮುಗಿಯಿತು. ಆ ಭಾರವನ್ನು ಹೇರಿದವರು ತಂಡಗಳ ಒಡೆಯರೋ, ಆಡಲೇಬೇಕೆಂಬ ಅವರದೇ ಆಸೆಯೋ, ಎರಡೂ ಸೇರಿಯೋ, ಹೊರಗಿನವರು ತೀರ್ಮಾನಿಸುವುದು ಕಷ್ಟ. ಆಟದ ಮೇಲಣ ಅವರ ಮೂರ್ಛೆ ಮಾತ್ರ ಹನ್ನೆರಡು ಊರುಗಳನ್ನು ಬಿಟ್ಟರೂ ಬಿಡಲಿಲ್ಲವೆಂದು ತೋರುತ್ತದೆ.

2003ರ ಮೇ ತಿಂಗಳಿನಲ್ಲಿ, ಕೊಲಂಬಸ್‌ನಿಂದ ಅವರನ್ನು ಕಳುಹಿಸುವ ಸುಮಾರು ಎರಡು ತಿಂಗಳ ಮುನ್ನ, ಆ ಊರಿನಲ್ಲಿಯೇ ಅವರಿಗೊಬ್ಬ ಮಗ ಹುಟ್ಟಿದ್ದನು, ಕೋಲ್ ಎಂದು ಹೆಸರು. ಅವನೂ ಅದೇ ಆಟವನ್ನು ಕಲಿತನು. 2021ರಲ್ಲಿ ತಂಡಗಳು ಹುಡುಗರನ್ನು ಆರಿಸುವ ಸರದಿ ಬಂದಾಗ ಹನ್ನೆರಡನೆಯವನಾಗಿ ಅವನ ಹೆಸರನ್ನು ಕೂಗಲಾಯಿತು. ಕೂಗಿದ್ದು ಕೊಲಂಬಸ್ ತಂಡ.